ರೈಲು ಹೋದ ಮೇಲೆ ನಮ್ಮನ್ನು ತಡೆದವರು ಯಾರು?

ತಿಲಕವಾಡಿಯ ನಿವೃತ್ತ ಶಿಕ್ಷಕರೊಬ್ಬರು ಬರೆಯುತ್ತಾರೆ: ‘ಮೊಮ್ಮಗನನ್ನು ಕಾರಿನಲ್ಲಿ ಶಾಲೆಗೆ ಬಿಡಲು ದಿನವೂ ಎರಡನೆಯ ರೈಲ್ವೆ ಗೇಟ್ ದಾಟುತ್ತೇನೆ. ಗೇಟ್ ತೆರೆದ ಮೇಲೂ ಹತ್ತು ನಿಮಿಷ ಅಲ್ಲಾಡುವಂತಿಲ್ಲ. ಪೆಟ್ರೋಲ್ ಸುಮ್ಮನೆ ಸುಡುತ್ತದೆ. ಇಲ್ಲಿಯೂ ಮೇಲ್ಸೇತುವೆ ಆಗಬೇಕು, ಬೆಳಗಾವಿಯ ರಸ್ತೆಗಳೆಲ್ಲ ಅಗಲವಾಗಬೇಕು. ಇದನ್ನು ನೀವೇಕೆ ಬರೆಯುವುದಿಲ್ಲ?’

ಮಾಸ್ತರರೇ, ಮೇಲ್ಸೇತುವೆಯ ಉಪಯೋಗವನ್ನು ನಾನು ಅಲ್ಲಗಳೆಯುವುದಿಲ್ಲ. ಕಪಿಲೇಶ್ವರದ ಬಳಿ, ಮೂರನೆಯ ಗೇಟಿನ ಬಳಿ ಅದರಿಂದ ಅನುಕೂಲವಾಗಿದೆ. ಆದರೆ ‘ಗೇಟ್ ತೆರೆದ ಮೇಲೂ’ ಎಂದು ನೀವೇ ಬರೆದಿದ್ದೀರಲ್ಲ, ಆ ಮಾತಿನ ಮೇಲೆ ತುಸು ನಿಲ್ಲಿ. ರೈಲು ಹೋಗಿಯಾಯಿತು. ಇನ್ನು ನಮ್ಮನ್ನು ತಡೆದವರು ಯಾರು?

ಕಳೆದ ವಾರ ಅದೇ ಗೇಟಿನ ಪಕ್ಕದಲ್ಲಿ ಒಂದು ಗಂಟೆ ನಿಂತು ನೋಡಿದೆ. ಗೇಟ್ ಬಿದ್ದ ಕೂಡಲೇ ಮೊದಲು ಬಂದವರು ಎಡಕ್ಕೆ ಸರಿಯಾಗಿಯೇ ನಿಂತರು. ಹಿಂದೆ ಬಂದ ಸ್ಕೂಟರುಗಳು ಬಲಕ್ಕೆ ನುಗ್ಗಿದವು, ಅವುಗಳ ಬೆನ್ನಿಗೆ ಆಟೋ, ಆಟೋದ ಬೆನ್ನಿಗೆ ಕಾರು. ಹಳಿಯ ಆಚೆಗೂ ಇದೇ ಕಥೆ. ಗೇಟ್ ಎದ್ದಾಗ ಎರಡು ಸೈನ್ಯಗಳು ಎದುರುಬದುರಾಗಿದ್ದವು, ಯಾರಿಗೂ ದಾರಿಯಿರಲಿಲ್ಲ. ಅಷ್ಟು ಹೊತ್ತೂ ಇಂಜಿನ್ ಬಂದ್ ಮಾಡಿದವರನ್ನು ಬೆರಳಲ್ಲಿ ಎಣಿಸಬಹುದಿತ್ತು.

ನಿಂತಲ್ಲೇ ಓಡುವ ಸಣ್ಣ ಕಾರಿನ ಇಂಜಿನ್ ಗಂಟೆಗೆ ಸುಮಾರು ಅರ್ಧದಿಂದ ಒಂದು ಲೀಟರ್ ಕುಡಿಯುತ್ತದೆ. ಹತ್ತು ನಿಮಿಷಕ್ಕೆ ಐವತ್ತು ಕಾರುಗಳ ಲೆಕ್ಕ ಹಾಕಿ: ನಾಲ್ಕರಿಂದ ಎಂಟು ಲೀಟರ್, ಒಂದೇ ಗೇಟಿನಲ್ಲಿ, ಒಂದೇ ಸಲಕ್ಕೆ. ಮತ್ತೆ ಚಾಲೂ ಮಾಡಲು ಹೆಚ್ಚು ಪೆಟ್ರೋಲ್ ಬೇಕೆಂಬ ಮಾತು ಹಳೆಯ ಕಾರ್ಬ್ಯುರೇಟರ್ ಇಂಜಿನ್ನುಗಳ ಕಾಲದ್ದು. ಇಂದಿನ ಇಂಜಿನ್ನುಗಳಲ್ಲಿ ಅರ್ಧ ನಿಮಿಷಕ್ಕಿಂತ ಹೆಚ್ಚು ನಿಲ್ಲುವುದಾದರೆ ಬಂದ್ ಮಾಡುವುದೇ ಉಳಿತಾಯ. 2020ರಲ್ಲಿ ದೆಹಲಿ ಸರ್ಕಾರ ಕೆಂಪು ದೀಪಕ್ಕೆ ಗಾಡಿ ಬಂದ್ ಮಾಡಿ ಎಂದು ಅಭಿಯಾನವನ್ನೇ ನಡೆಸಿತು. ಕಚ್ಚಾ ತೈಲದ ಶೇ 80ಕ್ಕಿಂತ ಹೆಚ್ಚನ್ನು ಹೊರದೇಶಗಳಿಂದ ತರಿಸುವ ನಾವು ಅದನ್ನು ಮುಚ್ಚಿದ ಗೇಟಿನ ಮುಂದೆ ಹೊಗೆ ಮಾಡುತ್ತಿರುವುದು ನನಗೆ ಸಂಕಟ ತರುತ್ತದೆ.

ಇನ್ನು ಅಗಲದ ರಸ್ತೆ. 1968ರಲ್ಲಿ ಡೀಟ್ರಿಕ್ ಬ್ರೆಸ್ ಎಂಬ ಜರ್ಮನ್ ಗಣಿತಜ್ಞರು ಒಂದು ವಿಚಿತ್ರವನ್ನು ತೋರಿಸಿದರು: ಪ್ರತಿಯೊಬ್ಬನೂ ತನ್ನನ್ನು ಬೇಗ ಮುಟ್ಟಿಸುವ ದಾರಿಯನ್ನೇ ಹಿಡಿದರೆ, ಹೊಸ ರಸ್ತೆಯೊಂದನ್ನು ಸೇರಿಸಿದಾಗ ಎಲ್ಲರ ಪ್ರಯಾಣವೂ ನಿಧಾನವಾಗುವುದುಂಟು. ನಮ್ಮಲ್ಲಿ ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಅಗಲವಾದ ರಸ್ತೆಯ ಅಂಚು ತಿಂಗಳೊಳಗೆ ಕಾರು ನಿಲ್ಲಿಸುವ ಜಾಗವಾಗುತ್ತದೆ, ಗಾಡಿಗಳು ಓಡಲು ಹಳೆಯ ಅಗಲವೇ ಉಳಿಯುತ್ತದೆ. ಖಡೇಬಜಾರಿನಲ್ಲಿ ಸಂಜೆ ನಡೆದು ನೋಡಿ. ನಡೆಯಲು ಜಾಗ ಸಿಕ್ಕಿದರೆ!

ನನ್ನ ನಿಜವಾದ ನೋವು ಅಲ್ಲಿಯೇ ಇದೆ. ಕಾಲ್ದಾರಿಯನ್ನು ಕಸಿದುಕೊಂಡೆವು, ಸೈಕಲ್ ತುಳಿಯುವವರನ್ನು ಚರಂಡಿಯ ಅಂಚಿಗೆ ತಳ್ಳಿದೆವು, ಸಿಟಿ ಬಸ್ಸು ಬಡವರಿಗೆ ಎಂದುಕೊಂಡೆವು. ನಲವತ್ತು ಜನರನ್ನು ಹೊತ್ತ ಬಸ್ಸು, ಒಬ್ಬೊಬ್ಬರೇ ಕುಳಿತ ಕಾರುಗಳ ಹಿಂದೆ ಹಾರ್ನ್ ಹಾಕುತ್ತಾ ನಿಂತಿರುತ್ತದೆ. ಶಾಲೆ ಬಿಡುವ ಹೊತ್ತಿಗೆ ಒಂದೊಂದು ಮಗುವಿಗೆ ಒಂದೊಂದು ಕಾರು ಕಾಯುತ್ತದೆ, ಇಂಜಿನ್ ಮತ್ತು ಏಸಿ ಎರಡೂ ಚಾಲೂ.

ನಲವತ್ತು ಮಕ್ಕಳನ್ನು ಒಂದು ಸಾಲಿನಲ್ಲಿ ನಿಲ್ಲಿಸಿದ ಕೈ ನಿಮ್ಮದು. ನಾಳೆ ಗೇಟಿನಲ್ಲಿ ನಿಮ್ಮ ಕಾರಿನ ಇಂಜಿನ್ ಬಂದ್ ಮಾಡಿ, ಕಿಟಕಿ ಇಳಿಸಿ, ಪಕ್ಕದವರಿಗೂ ಹೇಳಿ. ನಿಮ್ಮ ಮಾತನ್ನು ಕೇಳುವವರು ಖಂಡಿತ ಇದ್ದಾರೆ. ಅಂದಹಾಗೆ, ಮೊಮ್ಮಗನ ಶಾಲೆ ಮನೆಯಿಂದ ಎಷ್ಟು ದೂರವೆಂದು ನೀವು ಬರೆಯಲಿಲ್ಲ. ಮುಂದಿನ ಪತ್ರದಲ್ಲಿ ದಯವಿಟ್ಟು ತಿಳಿಸಿ.

– ಸಂಪಾದಕ