ನಿದ್ದೆಗೆಂದು ಕುಡಿದ ಕ್ವಾರ್ಟರು, ಎರಡನೇ ಸಲದ ಕೇಸು

ಪ್ರಶ್ನೆ: ನಮ್ಮ ಮನೆಯವರು ಗಣಿಯಿಂದ ತೋರಣಗಲ್ಲಿನ ಕಡೆಗೆ ಅದಿರು ಸಾಗಿಸುವ ಟಿಪ್ಪರ್ ಚಾಲಕರು. ತಿಂಗಳಲ್ಲಿ ಹದಿನೈದು ದಿನ ರಾತ್ರಿ ಪಾಳಿ. ಬೆಳಿಗ್ಗೆ ಮನೆಗೆ ಬಂದು ಎಂಟೂವರೆಯೊಳಗೆ ಒಂದು ಕ್ವಾರ್ಟರ್ ಕುಡಿದು ಮಲಗುತ್ತಾರೆ. ಕೇಳಿದರೆ ‘ಮೋಜಿಗಲ್ಲ, ನಿದ್ದೆಗೆ’ ಎನ್ನುತ್ತಾರೆ. ಕಳೆದ ವರ್ಷ ಕುಡಿದು ಬೈಕ್ ಓಡಿಸಿ ದಂಡ ಕಟ್ಟಿದರು, ಮೂರು ತಿಂಗಳು ಲೈಸೆನ್ಸ್ ಅಮಾನತಾಗಿತ್ತು. ಈ ಬೇಸಿಗೆಯಲ್ಲಿ, ಮಲಗಿ ಎದ್ದು ಮಧ್ಯಾಹ್ನ ಎರಡಕ್ಕೆ ಬೈಕಿನಲ್ಲಿ ಹೊರಟಾಗ ಮತ್ತೆ ಸಿಕ್ಕಿಬಿದ್ದರು. ಕುಡಿದದ್ದು ಪೂರ್ತಿ ಇಳಿದಿತ್ತು ಎಂದು ಆಣೆ ಮಾಡಿ ಹೇಳುತ್ತಾರೆ. ನಿದ್ದೆ ಸರಿಹೋದರೆ ಇದು ನಿಲ್ಲುತ್ತದೆಯೇ?
– ಓದುಗರು, ಸಂಡೂರು ತಾಲ್ಲೂಕು

ಉತ್ತರ: ನಿಮ್ಮ ಯಜಮಾನರಿಗೆ ಇಳಿದಂತೆ ಅನ್ನಿಸಿದ್ದು ನಿಜವೇ ಇರಬೇಕು, ಆದರೆ ರಕ್ತದ ಲೆಕ್ಕ ಬೇರೆ. ಒಂದು ಕ್ವಾರ್ಟರ್, ಅಂದರೆ 180 ಮಿ.ಲೀ. ವಿಸ್ಕಿಯಲ್ಲಿ ಸುಮಾರು 60 ಗ್ರಾಂ ಆಲ್ಕೋಹಾಲ್ ಇರುತ್ತದೆ. 65 ಕೆ.ಜಿ. ತೂಕದ ಗಂಡಸು ಅದನ್ನು ಬೇಗನೆ ಕುಡಿದರೆ, ರಕ್ತದ ಪ್ರತಿ 100 ಮಿ.ಲೀ.ಗೆ 120ರಿಂದ 140 ಮಿ.ಗ್ರಾಂನಷ್ಟು ಏರುತ್ತದೆ ಎಂದು ಅಂದಾಜಿಸಬಹುದು. ಯಕೃತ್ತು ಅದನ್ನು ಗಂಟೆಗೆ ಸರಿಸುಮಾರು 15 ಮಿ.ಗ್ರಾಂನಂತೆ ಮಾತ್ರ ಕರಗಿಸುತ್ತದೆ. ಮಲಗಿದರೂ, ತಲೆಗೆ ತಣ್ಣೀರು ಸುರಿದುಕೊಂಡರೂ, ನಿಂಬೆಹಣ್ಣಿನ ನೀರು ಕುಡಿದರೂ ಆ ವೇಗ ಹೆಚ್ಚುವುದಿಲ್ಲ. ಹಾಗಾಗಿ ಎಂಟೂವರೆಗೆ ಕುಡಿದವರ ರಕ್ತದಲ್ಲಿ ಮಧ್ಯಾಹ್ನ ಎರಡಕ್ಕೆ ಇನ್ನೂ 50 ಮಿ.ಗ್ರಾಂ ಆಸುಪಾಸು ಉಳಿದಿರುತ್ತದೆ. ಮೋಟಾರು ವಾಹನ ಕಾಯ್ದೆಯ 185ನೇ ಕಲಮಿನ ಮಿತಿ 30 ಮಿ.ಗ್ರಾಂ. 2019ರ ತಿದ್ದುಪಡಿಯ ನಂತರ ಎರಡನೇ ಸಲದ ಅಪರಾಧಕ್ಕೆ ಎರಡು ವರ್ಷದವರೆಗೆ ಸೆರೆ, ಇಲ್ಲವೇ 15,000 ರೂಪಾಯಿ ದಂಡ, ಅಥವಾ ಎರಡೂ ಆಗಬಹುದು. ‘ಮಲಗಿ ಎದ್ದಿದ್ದೆ’ ಎಂಬುದು ಅಲ್ಲಿ ಸಮರ್ಥನೆಯಾಗುವುದಿಲ್ಲ.

ಇನ್ನು ‘ನಿದ್ದೆಗೆ’ ಎಂಬ ಮಾತು. ಇದನ್ನು ನೆಪವೆಂದು ತಳ್ಳಿಹಾಕಬೇಡಿ. ನಿಮ್ಮ ಮನೆಯ ತೊಂದರೆಯ ಬೇರು ಇಲ್ಲಿಯೇ ಇದೆ ಎಂದು ನನಗೆ ತೋರುತ್ತದೆ. ಬೆಳಕು ಹರಿದ ಮೇಲೆ ದೇಹದ ಒಳಗಿನ ಗಡಿಯಾರ ಎಚ್ಚರದ ಕಡೆಗೆ ತಿರುಗಿರುತ್ತದೆ, ಮೇಲೆ ಬಳ್ಳಾರಿಯ ಏಪ್ರಿಲ್ ಬಿಸಿಲು ಸ್ಲ್ಯಾಬಿನ ಮನೆಯನ್ನು ಹನ್ನೊಂದು ಗಂಟೆಗೇ ಒಲೆಯಂತೆ ಕಾಯಿಸುತ್ತದೆ. ಅಂಥ ಹೊತ್ತಿನಲ್ಲಿ ಮದ್ಯ ಬೇಗ ಕಣ್ಣು ಮುಚ್ಚಿಸುವುದು ಸುಳ್ಳಲ್ಲ. ಆದರೆ ಅದು ಕರಗತೊಡಗಿದಂತೆ ನಿದ್ದೆಯ ಎರಡನೇ ಭಾಗ ಚೂರುಚೂರಾಗುತ್ತದೆ. ಕನಸಿನ ನಿದ್ದೆ ಕಡಿಮೆಯಾಗುತ್ತದೆ, ಮೂತ್ರಕ್ಕೆ, ಬಾಯಾರಿಕೆಗೆ, ಎದೆಬಡಿತಕ್ಕೆ ಮತ್ತೆ ಮತ್ತೆ ಎಚ್ಚರವಾಗುತ್ತದೆ. ಏಳು ಗಂಟೆ ಬೇಕಾದವರಿಗೆ ಮೂರೋ ನಾಲ್ಕೋ ಗಂಟೆ ಸಿಗುತ್ತದೆ. ಕೆಲವೇ ದಿನಗಳಲ್ಲಿ ದೇಹ ಒಗ್ಗಿಕೊಳ್ಳುವುದರಿಂದ, ಅಷ್ಟೇ ನಿದ್ದೆಗೆ ಇನ್ನಷ್ಟು ಕುಡಿಯಬೇಕಾಗುತ್ತದೆ. ನಿದ್ದೆಗೆಟ್ಟ ಮಿದುಳಿನಲ್ಲಿ ಮೊದಲು ಸೋಲುವುದು ‘ಬೇಡ’ ಎನ್ನುವ ಶಕ್ತಿ: ಇವತ್ತು ಕುಡಿಯುವುದು ಬೇಡ, ಬೈಕ್ ಬೇಡ, ಆಟೋದಲ್ಲಿ ಹೋಗೋಣ ಎಂಬ ವಿವೇಕ. ದಂಡ ಕಟ್ಟಿದ ದಿನದ ಪಶ್ಚಾತ್ತಾಪ ಪ್ರಾಮಾಣಿಕವೇ ಆಗಿದ್ದರೂ ಅದು ಮೂರನೇ ರಾತ್ರಿ ಪಾಳಿಯ ನಂತರ ಕೆಲಸಕ್ಕೆ ಬಾರದಿರುವುದಕ್ಕೆ ಇದೂ ಒಂದು ಕಾರಣ.

ಕುಡಿತ ಅಭ್ಯಾಸವನ್ನು ಮೀರಿ ಅವಲಂಬನೆಯಾಗಿದ್ದರೆ ನಿದ್ದೆ ಸರಿಪಡಿಸುವುದೊಂದೇ ಸಾಲದು. ಕುಡಿಯದ ದಿನ ಕೈ ನಡುಕ, ಬೆವರು, ವಾಂತಿ ಕಾಣಿಸಿಕೊಳ್ಳುತ್ತಿದ್ದರೆ ಮನೆಯಲ್ಲೇ ಒಮ್ಮೆಲೇ ಬಿಡಿಸಲು ಹೋಗಬೇಡಿ. ಫಿಟ್ಸ್ ಬರಬಹುದು, ಭ್ರಮೆಗೊಳಗಾಗಬಹುದು, ಜೀವಕ್ಕೂ ಅಪಾಯವಾಗಬಹುದು. ಮೊದಲು ಮನೋವೈದ್ಯರಿಗೆ ತೋರಿಸಿ. ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಮನೋವೈದ್ಯಕೀಯ ವಿಭಾಗವಿದೆ. ಅಲ್ಲಿಗೆ ಹೋಗಲು ಅವರು ಹಿಂಜರಿದರೆ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆಮಾಡಿ ಕನ್ನಡದಲ್ಲೇ ಉಚಿತವಾಗಿ ಮಾತನಾಡಬಹುದು.

ಕುಡಿತ ನಿಲ್ಲಿಸಿದ ಮೊದಲ ವಾರಗಳಲ್ಲಿ ನಿದ್ದೆ ಸುಧಾರಿಸುವ ಬದಲು ಇನ್ನಷ್ಟು ಕೆಡುತ್ತದೆ; ಕೆಲವರಲ್ಲಿ ಈ ತೊಂದರೆ ತಿಂಗಳುಗಟ್ಟಲೆ ಎಳೆಯುತ್ತದೆ. ಬಹಳ ಮಂದಿ ಮತ್ತೆ ಬಾಟಲಿಯ ಕಡೆಗೆ ಕೈಚಾಚುವುದು ಆಗಲೇ. ಇದನ್ನು ಅವರಿಗೂ ಮನೆಯ ಹಿರಿಯರಿಗೂ ಮುಂಚೆಯೇ ಹೇಳಿಡಿ. ‘ಪಾಪ, ನಿದ್ದೆಗೆಟ್ಟು ಒದ್ದಾಡ್ತಾನ, ಸ್ವಲ್ಪ ಕುಡೀಲಿ ಬಿಡು’ ಎಂದು ಅತ್ತೆಯವರು ಮರುಗುವುದು ಪ್ರೀತಿಯಿಂದಲೇ ಆದರೂ, ಆ ವಾರಗಳಲ್ಲಿ ಅದಕ್ಕಿಂತ ದುಬಾರಿಯಾದ ಮಾತು ಇನ್ನೊಂದಿಲ್ಲ.

ಮಲಗುವ ಕೋಣೆಯ ಬಗ್ಗೆ. ಮನೆಯಲ್ಲಿ ಮಣ್ಣಿನ ಮಾಳಿಗೆಯ ಕೋಣೆ ಉಳಿದಿದ್ದರೆ ಅದನ್ನೇ ಅವರಿಗೆ ಬಿಟ್ಟುಕೊಡಿ, ಇಲ್ಲವಾದರೆ ಕೆಳಗಿನ ಕೋಣೆಗೆ ಕೂಲರ್ ಇಟ್ಟು ಕಿಟಕಿಗೆ ದಪ್ಪ ಬಟ್ಟೆ ಕಟ್ಟಿ. ಪಾಳಿಯ ದಿನಗಳಲ್ಲಿ ಬೆಳಿಗ್ಗೆ ಎಂಟೂವರೆಯಿಂದ ಮಧ್ಯಾಹ್ನ ಮೂರೂವರೆಯವರೆಗೆ ಅವರ ಫೋನು ನಿಮ್ಮ ಬಳಿಯಲ್ಲಿರಲಿ; ಮೇಸ್ತ್ರಿಯ ಕರೆಗೂ ನೆಂಟರ ಕರೆಗೂ ನೀವೇ ಉತ್ತರಿಸಿ. ರಜೆಯ ದಿನವೂ ಈ ಅವಧಿಯಲ್ಲಿ ಕನಿಷ್ಠ ನಾಲ್ಕು ಗಂಟೆ ಅದೇ ಹೊತ್ತಿಗೆ ಮಲಗಿದರೆ ದೇಹದ ಗಡಿಯಾರ ಪೂರ್ತಿ ಹಳಿ ತಪ್ಪುವುದಿಲ್ಲ. ಪಾಳಿಯ ಕೊನೆಯ ಐದಾರು ಗಂಟೆ ಚಹಾ ಬೇಡ. ಬೆಳಿಗ್ಗೆ ಹೋಟೆಲಿನ ಒಗ್ಗರಣೆ-ಮಿರ್ಚಿ ಬಿಟ್ಟು ಹಗುರವಾಗಿ ಉಂಡು ಮಲಗಲಿ. (ಮಿರ್ಚಿ ಬಿಡಿಸುವುದು ಕುಡಿತ ಬಿಡಿಸುವುದಕ್ಕಿಂತ ಕಷ್ಟ ಎಂದು ಒಬ್ಬರು ನನಗೆ ಹೇಳಿದ್ದುಂಟು, ವಾರಕ್ಕೊಮ್ಮೆ ತಿನ್ನಲಿ.) ಇಪ್ಪತ್ತು ನಿಮಿಷವಾದರೂ ನಿದ್ದೆ ಹತ್ತದಿದ್ದರೆ ಹಾಸಿಗೆಯಲ್ಲಿ ಹೊರಳಾಡದೆ ಎದ್ದು ಕುಳಿತು, ಕಣ್ಣೆಳೆದಾಗ ಮತ್ತೆ ಮಲಗಬೇಕು. ನಿದ್ರಾಹೀನತೆಯ ಚಿಕಿತ್ಸೆಯಲ್ಲಿ ಹಾಸಿಗೆಯ ಸಮಯವನ್ನೇ ಕಡಿತಗೊಳಿಸುವ ಒಂದು ವಿಧಾನವೂ ಇದೆ. ಆರಂಭದಲ್ಲಿ ಅದು ಹಗಲಿನ ತೂಕಡಿಕೆಯನ್ನು ಹೆಚ್ಚಿಸುವುದರಿಂದ ಭಾರೀ ವಾಹನ ಓಡಿಸುವವರು ಅದನ್ನು ತಾವಾಗಿ ಪ್ರಯೋಗಿಸಬಾರದು.

ನಿದ್ದೆ ಮಾತ್ರೆಯನ್ನು ಔಷಧಿ ಅಂಗಡಿಯಿಂದ ನೇರವಾಗಿ ತರಬೇಡಿ. ಮದ್ಯದ ಜೊತೆ ಅದು ಉಸಿರನ್ನೇ ಕುಗ್ಗಿಸಬಲ್ಲದು, ಅದರ ಮಂಪರು ಮರುದಿನ ಸ್ಟಿಯರಿಂಗ್ ಹಿಡಿಯುವವರೆಗೂ ಉಳಿಯಬಹುದು.

ನಿಮ್ಮಿಂದ ಮಾತ್ರ ಆಗುವ ಕೆಲಸವೂ ಒಂದಿದೆ. ಅವರು ಮಲಗಿದಾಗ ಜೋರಾಗಿ ಗೊರಕೆ ಹೊಡೆಯುತ್ತಾ, ನಡುವೆ ಉಸಿರು ನಿಂತಂತಾಗಿ, ಆಮೇಲೆ ಏದುಸಿರು ಬಿಟ್ಟು ಎಚ್ಚರಗೊಳ್ಳುತ್ತಾರೆಯೇ ಎಂದು ಗಮನಿಸಿ. ಇದು ನಿದ್ದೆಯಲ್ಲಿ ಉಸಿರು ಕಟ್ಟುವ ಸ್ಲೀಪ್ ಆಪ್ನಿಯ ಕಾಯಿಲೆಯ ಲಕ್ಷಣವಾಗಿರಬಹುದು. ಮದ್ಯ ಗಂಟಲಿನ ಸ್ನಾಯುಗಳನ್ನು ಸಡಿಲಗೊಳಿಸಿ ಅದನ್ನು ಉಲ್ಬಣಗೊಳಿಸುತ್ತದೆ. ಎರಡು ವಾರ ಒಂದು ನೋಟ್‌ಬುಕ್ಕಿನಲ್ಲಿ ಮಲಗಿದ ಹೊತ್ತು, ಎದ್ದ ಹೊತ್ತು, ಕುಡಿದ ಪ್ರಮಾಣ, ಗೊರಕೆಯ ವಿವರ ಬರೆದುಕೊಂಡು ವೈದ್ಯರ ಬಳಿಗೆ ಹೋಗಿ. ಈ ಅವಧಿಯಲ್ಲಿ ಬೈಕಿನ ಕೀಲಿ ನಿಮ್ಮ ಬಳಿಯೇ ಇರಲಿ, ಪಾಳಿಗೆ ಬಸ್ಸಿನಲ್ಲಿ ಹೋಗಿಬರಲಿ. ಕುಡಿದ ದಿನ ಟಿಪ್ಪರ್ ಮುಟ್ಟುವಂತೆಯೇ ಇಲ್ಲ; ಆ ದಿನದ ಕೂಲಿ ಹೋಗಲಿ.

ಪ್ರಶ್ನೆ: ನನ್ನ ಅಕ್ಕಿ ಲಾರಿಯ ಹಳೆಯ ಚಾಲಕನಿಗೆ ಕುಡಿದು ಓಡಿಸಿದ್ದಕ್ಕೆ ಅಮಾನತಾಗಿದ್ದ ಲೈಸೆನ್ಸ್ ಮರಳಿ ಸಿಕ್ಕಿದೆ. ಆರು ತಿಂಗಳಿಂದ ಕುಡಿದಿಲ್ಲ ಎನ್ನುತ್ತಾನೆ. ಮತ್ತೆ ಕೆಲಸಕ್ಕೆ ತೆಗೆದುಕೊಳ್ಳಬಹುದೇ?
– ಲಾರಿ ಮಾಲೀಕರು, ಕಾರಟಗಿ

ಉತ್ತರ: ತೆಗೆದುಕೊಳ್ಳಿ, ಆದರೆ ಹಳೆಯ ವೇಳಾಪಟ್ಟಿಗೆ ಹಾಕಬೇಡಿ. ಸತತ 17 ಗಂಟೆ ಎಚ್ಚರವಿದ್ದವರ ಚಾಲನೆ, ರಕ್ತದಲ್ಲಿ 50 ಮಿ.ಗ್ರಾಂ ಆಲ್ಕೋಹಾಲ್ ಇದ್ದವರ ಚಾಲನೆಯ ಮಟ್ಟಕ್ಕೆ ಇಳಿದಿರುತ್ತದೆ ಎಂದು ಅಧ್ಯಯನಗಳು ತೋರಿಸಿವೆ. ಪೊಲೀಸರ ಊದುವ ಯಂತ್ರದಲ್ಲಿ ಅದು ಸೊನ್ನೆಯೇ ತೋರಿಸುತ್ತದೆ, ಅಷ್ಟೇ ವ್ಯತ್ಯಾಸ. ಬೆಳಿಗ್ಗೆ ಆರಕ್ಕೆದ್ದು ಹಗಲೆಲ್ಲಾ ಮಿಲ್ಲಿನಲ್ಲಿ ಲೋಡಿಗಾಗಿ ಕಾದು, ರಾತ್ರಿ ಹತ್ತಕ್ಕೆ ಬೆಂಗಳೂರಿನ ಕಡೆಗೆ ಹೊರಡುವ ಚಾಲಕ ಹೊಸಪೇಟೆ ದಾಟುವಷ್ಟರಲ್ಲಿ ಆ ಸ್ಥಿತಿಯಲ್ಲಿರುತ್ತಾನೆ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆಯ ಕೆಲಸವನ್ನೂ ಐದು ಗಂಟೆಗೊಮ್ಮೆ ಅರ್ಧ ಗಂಟೆಯ ಬಿಡುವನ್ನೂ ಹೇಳುತ್ತಿತ್ತು. 2025ರ ನವೆಂಬರಿನಲ್ಲಿ ಹೊಸ ಕಾರ್ಮಿಕ ಸಂಹಿತೆ ಅದರ ಜಾಗಕ್ಕೆ ಬಂದಿದೆ; ಕಾಯ್ದೆ ನಿಮ್ಮ ಒಂದೆರಡು ಲಾರಿಗೆ ಅನ್ವಯಿಸುತ್ತಿತ್ತೋ ಇಲ್ಲವೋ, ಲೆಕ್ಕ ಮಾತ್ರ ಸರಿಯಾಗಿದೆ. ಕುಡಿತ ಬಿಟ್ಟವನ ನಿದ್ದೆಗೆಡಿಸುವುದೆಂದರೆ ಅವನನ್ನು ಮತ್ತೆ ಹಳೆಯ ದಾರಿಗೆ ನೂಕಿದಂತೆಯೇ ಎಂಬುದನ್ನು ಮೇಲಿನ ಉತ್ತರದಲ್ಲಿ ವಿವರಿಸಿದ್ದೇನೆ. ಲೋಡ್ ಆಗುವಾಗ ಅವನನ್ನು ಮಲಗಲು ಕಳುಹಿಸಿ, ಚೀಲ ಎಣಿಸಲು ಬೇರೆಯವರನ್ನು ನಿಲ್ಲಿಸಿ. ರಾತ್ರಿ 2ರಿಂದ ಬೆಳಗಿನ 6ರವರೆಗೆ ಲಾರಿ ಡಾಬಾದಲ್ಲಿ ನಿಂತಿರಲಿ, ತಡವಾಗಿದ್ದಕ್ಕೆ ಬಾಟಾ (ಭತ್ಯೆ) ಕಡಿಯಬೇಡಿ.