ನೋಟಿನ ಹಿಂದೆ ಬಂಗಾರ ಇದೆಯೇ?

ಪ್ರಶ್ನೆ: ಬಂಗಾರ ಇದ್ದಷ್ಟೇ ನೋಟು ಮುದ್ರಿಸಬೇಕಂತೆ. ಆ ಲೆಕ್ಕ ತಪ್ಪಿದ್ದಕ್ಕೇ ತೋಟಕ್ಕೆ ಹೊಡೆಯುವ ಮೈಲುತುತ್ತದಿಂದ ಅಡಿಕೆ ಗೊನೆ ಇಳಿಸುವ ಕೊನೆಗಾರರ ಕೂಲಿವರೆಗೆ ಎಲ್ಲ ದುಬಾರಿಯಾಯಿತು ಅನ್ನುತ್ತಾರೆ. ನಿಜವೇ?
— ಅಡಿಕೆ ಬೆಳೆಗಾರರು, ಹೊಸನಗರ

ಉತ್ತರ: 1934ರ ರಿಸರ್ವ್ ಬ್ಯಾಂಕ್ ಕಾಯ್ದೆಯಲ್ಲೂ ಪೂರ್ತಿ ಬಂಗಾರದ ಮಾತಿರಲಿಲ್ಲ. ನೋಟಿನ ಆಧಾರದಲ್ಲಿ ಬಂಗಾರ ಮತ್ತು ಸ್ಟರ್ಲಿಂಗ್ (ಬ್ರಿಟಿಷ್ ಪೌಂಡ್) ಸಾಲಪತ್ರಗಳು ಶೇ 40ರಷ್ಟಿದ್ದರೆ ಸಾಕಿತ್ತು. 1956–57ರ ತಿದ್ದುಪಡಿಗಳ ನಂತರ ಅದೂ ಹೋಗಿ, ಬಂಗಾರ, ವಿದೇಶಿ ಸಾಲಪತ್ರ ಸೇರಿ ಕನಿಷ್ಠ 200 ಕೋಟಿ ರೂಪಾಯಿ, ಅದರಲ್ಲಿ 115 ಕೋಟಿಯ ಬಂಗಾರ ಎಂದಾಯಿತು. ನೋಟು ಎಷ್ಟೇ ಹೆಚ್ಚಲಿ, ಈ ಅಂಕಿ ಕದಲುವುದಿಲ್ಲ. ಹೊರದೇಶದ ಕೇಂದ್ರ ಬ್ಯಾಂಕುಗಳಿಗೆ ಔನ್ಸಿಗೆ 35 ಡಾಲರಿನಂತೆ ಬಂಗಾರ ಕೊಡುತ್ತಿದ್ದ ಅಮೆರಿಕವೂ 1971ರ ಆಗಸ್ಟ್ 15ರಂದು ಕೈ ಎತ್ತಿತು.

ಹಣದಲ್ಲಿ ನೋಟಿನ ಪಾಲು ಚಿಕ್ಕದು, ಬಹುಪಾಲು ಬ್ಯಾಂಕ್ ಠೇವಣಿ. ಬ್ಯಾಂಕು ಸಾಲ ಕೊಟ್ಟಾಗಲೇ ಸಾಲಗಾರರ ಖಾತೆಯಲ್ಲಿ ಹೊಸ ಹಣ ಹುಟ್ಟುತ್ತದೆ. ಸಾಲ, ಸರ್ಕಾರದ ಖರ್ಚು ಎರಡೂ ಸರಕಿನ ಉತ್ಪಾದನೆಗಿಂತ ಬೇಗ ಬೆಳೆದರೆ ಬೆಲೆಗಳು ಒಟ್ಟಾಗಿ ಏರುತ್ತವೆ.

ಮೈಲುತುತ್ತದ ವಿಷಯವೇ ಬೇರೆ. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಶೇ 1ರ ಬೋರ್ಡೋ ದ್ರಾವಣ 100 ಲೀಟರ್ ಮಾಡಲು ಅದು 1 ಕೆ.ಜಿ. ಬೇಕು, ಸುಣ್ಣ ಇನ್ನೊಂದು ಕೆ.ಜಿ. ಮೈಲುತುತ್ತದ ಮೂಲ ತಾಮ್ರ. ತಾಮ್ರದ ದರ ಲಂಡನ್ ಲೋಹದ ಪೇಟೆಯಲ್ಲಿ ಡಾಲರಿನಲ್ಲಿ ನಿಗದಿಯಾಗುತ್ತದೆ. ಆ ದರ ಇದ್ದಲ್ಲೇ ಇದ್ದು, ಡಾಲರ್ 80 ರೂಪಾಯಿಯಿಂದ 88ಕ್ಕೆ ಹೋದರೂ ಸಾಕು, ತಾಮ್ರ ನಮಗೆ ಶೇ 10 ದುಬಾರಿ. ಒಂದು ನೋಟೂ ಹೆಚ್ಚಿಗೆ ಮುದ್ರಣವಾಗಿರುವುದಿಲ್ಲ. ಕೂಲಿ ಏರುವುದು ಮರ ಹತ್ತಬಲ್ಲವರು ಕಡಿಮೆಯಾಗಿ, ಕೊನೆ ತೆಗೆಯುವ ಕೆಲಸ ಊರಿಗೆಲ್ಲ ಒಟ್ಟಿಗೇ ಬರುವುದರಿಂದ. ಹಣದುಬ್ಬರವನ್ನು ಶೇ 4ರ ಆಸುಪಾಸಿನಲ್ಲಿಡುವ ಹೊಣೆ ಹೊತ್ತ ರಿಸರ್ವ್ ಬ್ಯಾಂಕ್ ರೆಪೋ ದರ (ಬ್ಯಾಂಕುಗಳಿಗೆ ತಾನು ಕೊಡುವ ಸಾಲದ ಬಡ್ಡಿ) ಏರಿಸಿ ಸಾಲ ತಗ್ಗಿಸಬಹುದು. ತಾಮ್ರವನ್ನಾಗಲಿ ಕೊನೆಗಾರರನ್ನಾಗಲಿ ಒದಗಿಸಲಾಗದು.

ಪ್ರಶ್ನೆ: ಕೆಳದಿ ಅರಸರ ಹಾಗೆ ಚಿನ್ನದ ವರಹವೇ ಚಲಾವಣೆಯಲ್ಲಿದ್ದರೆ?
— ವಿದ್ಯಾರ್ಥಿನಿ, ಶಿವಮೊಗ್ಗ

ಉತ್ತರ: ಕೆಳದಿ ಅರಸರ ಇಕ್ಕೇರಿ ವರಹ ಸುಮಾರು 3.4 ಗ್ರಾಂ ತೂಗುತ್ತಿತ್ತು. 1763ರಲ್ಲಿ ಅವರ ರಾಜಧಾನಿ ಬಿದನೂರು ಗೆದ್ದ ಹೈದರ್ ಅಲಿಯೂ ತನ್ನ ವರಹದಲ್ಲಿ ಶಿವ–ಪಾರ್ವತಿಯರನ್ನು ಉಳಿಸಿಕೊಂಡ. ನಾಣ್ಯಕ್ಕೆ ಅಷ್ಟು ನಂಬಿಕೆಯಿತ್ತು. ಆದರೂ ಮಳೆ ಕೈಕೊಟ್ಟು ಭತ್ತ ಕಡಿಮೆಯಾದರೆ ವರಹಕ್ಕೆ ಸಿಗುವ ಭತ್ತವೂ ಕಡಿಮೆಯೇ. 16ನೇ ಶತಮಾನದಲ್ಲಿ ಅಮೆರಿಕ ಖಂಡದ ಬೆಳ್ಳಿ ರಾಶಿರಾಶಿಯಾಗಿ ಬಂದಾಗ ಯುರೋಪಿನಲ್ಲಿ ಬೆಲೆ ಏರಿತು, ನಾಣ್ಯ ಅಪ್ಪಟ ಲೋಹದ್ದೇ ಆಗಿದ್ದರೂ.

ಪ್ರಶ್ನೆ: ರಾಶಿ ಇಡಿ ಅಡಿಕೆ ಮಾರಿದ ದುಡ್ಡಿಗೆ ಒಡವೆ ಮಾಡಿಸಿಟ್ಟರೆ ಬೆಲೆ ಏರಿಕೆಯಿಂದ ಪಾರಾಗಬಹುದೇ?
— ಗೃಹಿಣಿ, ಸಾಗರ

ಉತ್ತರ: ಹಾಕಿಕೊಳ್ಳುವ ಆಸೆಗೆ ಮಾಡಿಸಿ, ಉಳಿತಾಯವೆಂದು ಬೇಡ. ಲೆಕ್ಕಕ್ಕೆ ಗ್ರಾಮಿಗೆ 10,000 ರೂಪಾಯಿ ಎಂದಿಟ್ಟುಕೊಳ್ಳಿ. 10 ಗ್ರಾಂ ಸರಕ್ಕೆ 1,00,000. ಮಜೂರಿ ಶೇ 12 ಎಂದರೆ 12,000. ಒಟ್ಟಿನ ಮೇಲೆ ಶೇ 3ರ ಜಿಎಸ್‌ಟಿ 3,360. ಕೊಟ್ಟದ್ದು 1,15,360. ಮರುದಿನ ಮಾರಲು ಹೋದರೆ ಮಜೂರಿ, ತೆರಿಗೆ ಎರಡೂ ಲೆಕ್ಕಕ್ಕಿಲ್ಲ. ಚಿನ್ನದ ದರ ಶೇ 15ಕ್ಕಿಂತ ಮೇಲೇರಿದ ಮೇಲಷ್ಟೇ ನಿಮ್ಮ ಅಸಲು ಹುಟ್ಟುತ್ತದೆ. ದರ ಏರುತ್ತಲೇ ಇರುತ್ತದೆಂಬ ಭರವಸೆಯೂ ಇಲ್ಲ: 1980ರಲ್ಲಿ ಔನ್ಸಿಗೆ 850 ಡಾಲರ್ ಮುಟ್ಟಿದ್ದ ಚಿನ್ನ 2001ರಲ್ಲಿ 300ಕ್ಕಿಂತ ಕೆಳಗಿತ್ತು. ರೂಪಾಯಿ ಕುಸಿದದ್ದರಿಂದ ನಮಗದು ಅಷ್ಟಾಗಿ ತಟ್ಟಲಿಲ್ಲ.

ಮುಂದಿನ ಮಳೆಗಾಲದ ಔಷಧಿ ಹೊಡೆಯುವ ಖರ್ಚನ್ನು ಬ್ಯಾಂಕಿನಲ್ಲೇ ಬಿಡಿ. ಕೊಳ್ಳುವುದೇ ಆದರೆ ಒಡವೆಯ ಮೇಲಿರುವ ಆರು ಅಕ್ಷರ–ಅಂಕಿಗಳ ಹಾಲ್‌ಮಾರ್ಕ್ ಗುರುತು, ಅಂದರೆ ಎಚ್‌ಯುಐಡಿ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ನೋಡಿ. ಬಿಲ್ಲಿನಲ್ಲಿ ಕಲ್ಲಿನ ತೂಕ, ಚಿನ್ನದ ನಿವ್ವಳ ತೂಕ ಬೇರೆ ಬೇರೆ ಬರೆಸಿಕೊಳ್ಳಿ. ಮಾರುವಾಗ ಕಲ್ಲನ್ನು ಕಳೆದೇ ತೂಗುತ್ತಾರೆ.