ಡೇರ್ ಸಹೋದರಿಯರ ಕಾರ್ಡ್: ಸಹಿ ಬಿಡಿ, ಕಾಗದ ನೋಡಿ

ಪ್ರಶ್ನೆ: ಲಂಡನ್ನಿನ ರಂಗನಟಿಯರಾದ ಅಕ್ಕ ಜೀನಾ, ತಂಗಿ ಫಿಲಿಸ್ ಡೇರ್ ಒಟ್ಟಿಗಿರುವ ಪೋಸ್ಟ್‌ಕಾರ್ಡ್ ಆನ್‌ಲೈನಲ್ಲಿ ಕೊಂಡೆ. ಇಬ್ಬರ ಸಹಿಯೂ 1907ರ ಅಂಚೆ ಮುದ್ರೆಯೂ ಇವೆ. ಅಸಲಿಯೇ?

ಉತ್ತರ: ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ, ಜೊತೆಗೆ ಫೋನಿನಲ್ಲಿ ತೆಗೆದ ಮಸುಕು ಚಿತ್ರ. ಅದನ್ನು ನೋಡಿ ಯಾರೂ ಹೇಳಲಾರರು. ಹೇಳುತ್ತೇವೆಂದು ದುಡ್ಡು ಪಡೆದು ‘ಪ್ರಮಾಣಪತ್ರ’ ಕೊಡುವವರನ್ನು ನಂಬಬೇಡಿ.

ಮೊದಲು ಚಿತ್ರ. 10 ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ ಹಿಡಿದು ಕೆನ್ನೆಯ ನೆರಳನ್ನು ನೋಡಿ. ಅಸಲಿ ಬ್ರೋಮೈಡ್ ಫೋಟೊದಲ್ಲಿ (ಬೆಳ್ಳಿ ಲವಣದ ಕಾಗದದ ಮೇಲೆ ಮೂಡಿಸಿದ್ದು) ಕಪ್ಪು ಬಿಳುಪಿಗೆ ಜಾರುವುದು ಹೊಗೆಯಂತೆ, ಚುಕ್ಕೆ ಇರುವುದಿಲ್ಲ. ಸಾಲುಸಾಲು ಚುಕ್ಕೆ ಕಂಡರೆ ಅದು ಅಚ್ಚಿನ ಕಾರ್ಡ್. ಹಳೆಯದಿರಬಹುದು, ಫೋಟೊ ಅಲ್ಲ. ಬಣ್ಣಬಣ್ಣದ ಕಣಗಳು ಚೆಲ್ಲಾಡಿದ್ದರೆ ಇಂಕ್‌ಜೆಟ್, ಅಲ್ಲಿಗೆ ಮುಗಿಯಿತು. ಕೈಯಲ್ಲಿ ಬಣ್ಣ ತುಂಬಿದ ಕಾರ್ಡಿನಲ್ಲಿ ತುಟಿಯ ಕೆಂಪು ಗೆರೆ ದಾಟಿರುವುದು ದೋಷವಲ್ಲ. ಸಾವಿರಾರು ಕಾರ್ಡಿಗೆ ಅವಸರದಲ್ಲಿ ಹಚ್ಚಿದ್ದು. ಕಾರ್ಡನ್ನು ಬೆಳಕಿಗೆ ಓರೆ ಮಾಡಿ. ಅಂಚಿನ ಕಡುಗಪ್ಪು ಭಾಗ ಕನ್ನಡಿಯಂತೆ ನೀಲಿ-ಬೆಳ್ಳಿಯಾಗಿ ಮಿಂಚಿದರೆ ಒಳ್ಳೆಯ ಲಕ್ಷಣ: ಬೆಳ್ಳಿ ವರ್ಷಗಟ್ಟಲೆ ಮೇಲಕ್ಕೆದ್ದು ಆಗುವುದು ಅದು.

ಕತ್ತಲೆಯಲ್ಲಿ 365 ನ್ಯಾನೊಮೀಟರ್ ಯುವಿ ಟಾರ್ಚ್ ಬಿಡಿ. ಕಾಗದ ಸೋಪಿನ ಜಾಹೀರಾತಿನ ಬಿಳಿ ಅಂಗಿಯಂತೆ ಬೆಳಗಿದರೆ, ಅದರಲ್ಲಿ ಎರಡನೇ ಮಹಾಯುದ್ಧದ ನಂತರ ರೂಢಿಗೆ ಬಂದ ಬೆಳಗು ರಾಸಾಯನಿಕವಿದೆ. ಬೆಳಗದಿದ್ದರೆ ಹಳೆಯದೆಂದು ಖಾತ್ರಿಯೇನೂ ಇಲ್ಲ.

ಇನ್ನು ಹಿಂಬದಿ. ನಡುವೆ ಗೆರೆ ಎಳೆದು ಒಂದು ಪಕ್ಕ ಪತ್ರ, ಇನ್ನೊಂದು ಪಕ್ಕ ವಿಳಾಸ ಬರೆಯಲು ಬ್ರಿಟನ್ನಿನಲ್ಲಿ ಅನುಮತಿ ಸಿಕ್ಕಿದ್ದು 1902ರಲ್ಲಿ. ಒಳನಾಡಿನ ಕಾರ್ಡಿಗೆ 1918ರ ಜೂನ್‌ವರೆಗೂ ಅರ್ಧ ಪೆನ್ನಿ ಅಂಚೆಚೀಟಿ. 1907 ಎಂದರೆ ಅದರಲ್ಲಿ ಸಾಮಾನ್ಯವಾಗಿ ದೊರೆ ಏಳನೇ ಎಡ್ವರ್ಡ್‌ನ ಮುಖ ಇರುತ್ತದೆ. ಐದನೇ ಜಾರ್ಜ್ ಇದ್ದರೆ ಮುದ್ರೆಯೇ ಸುಳ್ಳು, ಅವನ ಚೀಟಿ ಬಂದದ್ದು 1911ರ ಜೂನ್‌ನಲ್ಲಿ. ಮುದ್ರೆ ಹೇಳುವುದು ಕಾರ್ಡ್ ಅಂಚೆಗೆ ಬಿದ್ದ ದಿನವನ್ನು ಮಾತ್ರ. ಪ್ರಕಾಶಕರು ಒಂದೇ ನೆಗೆಟಿವ್ ಅನ್ನು ವರ್ಷಗಟ್ಟಲೆ ದುಡಿಸುತ್ತಿದ್ದರು. ಜೀನಾ 1904ರ ನಾಟಕದ ವೇಷದಲ್ಲಿರುವ ಚಿತ್ರ 1907ರ ಅಂಚೆಯಲ್ಲಿ ಬಂದರೆ ಅಚ್ಚರಿಯಿಲ್ಲ.

ಕೊನೆಗೆ ಸಹಿ. ಬಹುಪಾಲು ನೆಗೆಟಿವ್ ಮೇಲೆಯೇ ಬರೆದದ್ದು, ಅದಕ್ಕೇ ಎಷ್ಟೋ ಸಹಿಗಳು ಬಿಳಿಯಾಗಿ ಬರುತ್ತವೆ. ಅವು ಚಿತ್ರದ ಹೊಳಪಿನ ಒಳಗೇ ಇರುತ್ತವೆ. ನಿಜವಾದ ಶಾಯಿ ಹೊಳಪಿನ ಮೇಲೆ ಕೂತಿರುತ್ತದೆ, ನಿಬ್ ತಿರುಗಿದಲ್ಲಿ ದಪ್ಪವಾಗಿರುತ್ತದೆ, ಓರೆ ಬೆಳಕಿನಲ್ಲಿ ಬೇರೆ ಥರ ಮಿನುಗುತ್ತದೆ. ಬಾಲ್‌ಪೆನ್ ಸಹಿ ಕಂಡ ಕೂಡಲೇ ನಕಲಿ ಎಂದು ಎಸೆಯಬೇಡಿ. ಇಬ್ಬರೂ ಬದುಕಿದ್ದದ್ದು 1975ರವರೆಗೆ. ಜೀನಾ 1958ರಲ್ಲಿ ಲಂಡನ್ನಿನ ‘ಮೈ ಫೇರ್ ಲೇಡಿ’ಯಲ್ಲಿ ಮಿಸೆಸ್ ಹಿಗ್ಗಿನ್ಸ್ ಪಾತ್ರ ಮಾಡಿದರು. ಮುಪ್ಪಿನಲ್ಲಿ ಹಳೆಯ ಕಾರ್ಡಿಗೆ ಸಹಿ ಹಾಕಿರಲೂಬಹುದು.

ಪ್ರಶ್ನೆ: ‘ಸಿಸ್ಟರ್ಸ್’ ಎಂದಿರುವ ಮ್ಯೂಸಿಕ್ ಹಾಲ್ (ಹಾಡು-ಹಾಸ್ಯದ ರಂಗಮಂದಿರ) ಜೋಡಿಗಳೆಲ್ಲ ಒಡಹುಟ್ಟಿದವರೇ?

ಉತ್ತರ: ಅಲ್ಲ. ಡೇರ್ ಸಹೋದರಿಯರು ಹೌದು, ಆದರೆ ಅವರ ಮನೆತನದ ಹೆಸರು ಡೋನ್ಸ್. ಮ್ಯೂಸಿಕ್ ಹಾಲ್ ಗಾಯಕಿ ಮೇರಿ ಲಾಯ್ಡ್ ಮತ್ತು ತಂಗಿಯರೂ ಒಡಹುಟ್ಟಿದವರೇ, ಆದರೆ ವುಡ್ ಮನೆತನದವರು.

ಪ್ರಶ್ನೆ: ಫಿಲಿಸ್ ಬೆಲ್ಜಿಯಂ ಕಾನ್ವೆಂಟಿಗೆ ಹೋದದ್ದರ ಹಿಂದೆ ಏನೋ ಗುಟ್ಟಿತ್ತಂತೆ?

ಉತ್ತರ: ಆಗಿನ ಪುಕಾರು. ಓದಲು ಹೋದ ಹುಡುಗಿ, 1906ರಲ್ಲಿ ಮರಳಿ ನಟಿ ಎಡ್ನಾ ಮೇ ಬಿಟ್ಟ ಪಾತ್ರ ವಹಿಸಿಕೊಂಡಳು. ಇದನ್ನು ಇನ್ನೊಮ್ಮೆ ಕೇಳಬೇಡಿ.

ಪ್ರಶ್ನೆ: ಮಂಗಳೂರಿನ ಮಳೆಗಾಲದಲ್ಲಿ ಕಾರ್ಡಿಗೆ ಬೂಷ್ಟು ಬಂದಿದೆ. ಒದ್ದೆ ಬಟ್ಟೆಯಲ್ಲಿ ಒರೆಸಿ ಲ್ಯಾಮಿನೇಟ್ ಮಾಡಲೇ?

ಉತ್ತರ: ಎರಡೂ ಬೇಡವೇ ಬೇಡ. ನೀರು ಬಿದ್ದರೆ ಚಿತ್ರವನ್ನು ಹಿಡಿದಿರುವ ಜೆಲಟಿನ್ ಪದರ ಉಬ್ಬಿ ಮುಖವೇ ಬಟ್ಟೆಗೆ ಅಂಟಿಕೊಂಡು ಬರುತ್ತದೆ. ಲ್ಯಾಮಿನೇಷನ್ ತೆಗೆಯಲು ಬರುವುದಿಲ್ಲ. ಒಣಹವೆ ಇರುವ ದಿನ ನೆರಳಲ್ಲಿ ಒಣಗಿಸಿ, ಮೆತ್ತನೆಯ ಒಣ ಬ್ರಷ್‌ನಿಂದ ಮನೆಯ ಹೊರಗೆ ನಿಂತು ಉದುರಿಸಿ. ಪಾಲಿಯೆಸ್ಟರ್ ಕವರಿಗೆ ಹಾಕಿ, ಪಿವಿಸಿಗೆ ಬೇಡ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಟ್ಟು, ಜೆಲ್ ಬಣ್ಣ ತಿರುಗಿದಾಗ ಬದಲಿಸಿ.